ಬಾಬೆಲ್ ಯಾವ ಊರು?



ಈ ಸಲದ ಓದು ನಾವಾಗಿ ಆರಿಸಿಕೊಂಡದ್ದಲ್ಲ. ನಮ್ಮ ಕೂಟದ ಒಬ್ಬರ ಮಗಳು, ಐದನೇ ಗ್ರೇಡಿನವಳು, ಶಾಲೆಯಿಂದ ಬರುತ್ತಾ ಕಾರಿನ ಹಿಂದಿನ ಸೀಟಿನಿಂದ ಕೇಳಿದಳಂತೆ: "ಅಮ್ಮಾ, ಒಂದಿನ ಒಳ್ಳೆಯವರೆಲ್ಲ ಒಟ್ಟಿಗೇ ಮೇಲೆ ಹೋಗ್ತಾರಂತೆ, ನಾವು ಮಾತ್ರ ಇಲ್ಲೇ ಉಳ್ಕೋತೀವಂತೆ, ಹೌದಾ?" ಹೇಳಿದ್ದು ಅವಳ ಆಪ್ತ ಗೆಳತಿ. ಅದೂ ಹೀಯಾಳಿಸುವುದಕ್ಕಲ್ಲ, ನಿನ್ನನ್ನು ಬಿಟ್ಟು ಹೋಗಬೇಕಲ್ಲಾ ಎಂಬ ಸಂಕಟಕ್ಕೆ. ಅಮ್ಮನಿಗೆ ಉತ್ತರ ಹೊಳೆಯದೆ "ಮೊದಲು ಹೋಮ್‌ವರ್ಕ್ ಮುಗಿಸು" ಎಂದು ಜಾರಿಕೊಂಡರಂತೆ. ಅದನ್ನು ಅವರು ಮುಂದಿನ ಕೂಟದಲ್ಲಿ ನಗುತ್ತಲೇ ಹೇಳಿದರು. ಆದರೆ ಆ ನಗು ಬಹಳ ಹೊತ್ತು ಉಳಿಯಲಿಲ್ಲ. ಇಪ್ಪತ್ತು ಮೂವತ್ತು ವರ್ಷ ಪಕ್ಕದ ಮನೆಯಲ್ಲಿ ಬದುಕಿ, ಹಿಮ ಬಿದ್ದಾಗ ನಮ್ಮ ಡ್ರೈವ್‌ವೇ ಕೂಡ ಗುಡಿಸಿಕೊಡುವ ಜನ ಒಂದು ಪುಸ್ತಕವನ್ನು ಹೇಗೆ ಓದುತ್ತಾರೆ, ಆ ಓದಿನಲ್ಲಿ ನಾವು ಎಲ್ಲಿದ್ದೇವೆ ಎಂಬುದೇ ನಮಗೆ ತಿಳಿದಿರಲಿಲ್ಲ. ಸಾಹಿತ್ಯದ ಕೂಟ ಎಂದು ಹೆಸರಿಟ್ಟುಕೊಂಡವರಿಗೆ ಇದು ಸಣ್ಣ ನಾಚಿಕೆಯಲ್ಲ.

ಹಾಗಾಗಿ ಓದಿದೆವು. ಪುಸ್ತಕ ಸಿಗುವುದೇನೂ ಕಷ್ಟವಾಗಲಿಲ್ಲ. ಗ್ಯಾರೇಜ್ ಸೇಲುಗಳಲ್ಲಿ 'ಲೆಫ್ಟ್ ಬಿಹೈಂಡ್' ಮಾಲೆಯ ಸಂಪುಟಗಳು ಹಳೆಯ ಕ್ರಿಸ್ಮಸ್ ದೀಪಗಳ ಪಕ್ಕದಲ್ಲೇ ಇರುತ್ತವೆ. ಜೊತೆಗೆ ಅದರ ಮೂಲಕ್ಕೆ ಹೋಗಬೇಕೆಂದು ಕನ್ನಡ ಬೈಬಲಿನ ಕೊನೆಯ ಪುಸ್ತಕ 'ಪ್ರಕಟನೆ'ಯನ್ನೂ, ದಾನಿಯೇಲನ ಕೆಲವು ಅಧ್ಯಾಯಗಳನ್ನೂ ಓದಿಕೊಂಡೆವು. ನಮ್ಮಲ್ಲಿ ಬಹುಪಾಲು ಕ್ರೈಸ್ತರಲ್ಲ. ಒಬ್ಬರು ಮಾತ್ರ ಧಾರವಾಡದ ಕಡೆಯ ಬಾಸೆಲ್ ಮಿಷನ್ ಮನೆತನದವರು. ಅವರ ಮಾತು ಮುಂದೆ ಬರುತ್ತದೆ.

ಮೊದಲು ಕಾದಂಬರಿ. ಟಿಮ್ ಲಹೇ ಮತ್ತು ಜೆರ್ರಿ ಜೆಂಕಿನ್ಸ್ ಇಬ್ಬರೂ ನಮ್ಮ ಮಿಶಿಗನ್ನಿನವರೇ. ಮೊದಲನೆಯವರು 1926ರಲ್ಲಿ ಡೆಟ್ರಾಯಿಟ್‌ನಲ್ಲಿ ಹುಟ್ಟಿದವರು, ಎರಡನೆಯವರು ಕಲಮಜೂವಿನವರು. ಪ್ರಕಾಶಕರಾದ ಟಿಂಡೇಲ್ ಹೌಸ್ ಶಿಕಾಗೋ ಪಕ್ಕದ ಕೆರೊಲ್ ಸ್ಟ್ರೀಮ್‌ನಲ್ಲಿದೆ. 1995ರಲ್ಲಿ ಮೊದಲ ಸಂಪುಟ ಬಂತು. 2007ರ ಹೊತ್ತಿಗೆ ಮುಂದಿನ ಕಥೆ ಹಿಂದಿನ ಕಥೆ ಎಲ್ಲ ಸೇರಿ ಹದಿನಾರಾದವು. ಮಾರಾಟವಾದದ್ದು ಆರು ಕೋಟಿ ಪ್ರತಿಗಳಿಗೂ ಮಿಕ್ಕಿ. 2001ರಲ್ಲಿ ಅಮೆರಿಕದಲ್ಲಿ ಅತಿ ಹೆಚ್ಚು ಖರ್ಚಾದ ಕಾದಂಬರಿ ಈ ಮಾಲೆಯ 'ಡೆಸಿಕ್ರೇಶನ್'. ಕನ್ನಡದಲ್ಲಿ ಸಾವಿರ ಪ್ರತಿ ಖರ್ಚಾದರೆ ಪೇಡೆ ಹಂಚುವ ನಮಗೆ ಈ ಅಂಕಿಗಳನ್ನು ನೋಡಿ ತಲೆ ತಿರುಗುತ್ತದೆ, ಇರಲಿ.

ಮೊದಲ ಅಧ್ಯಾಯ ಚೆನ್ನಾಗಿದೆ ಎಂದು ಒಪ್ಪಿಕೊಳ್ಳಲೇಬೇಕು. ಓಹೇರ್‌ನಿಂದ ಲಂಡನ್ನಿಗೆ ಹೊರಟ 747 ವಿಮಾನ, ನಡು ರಾತ್ರಿ, ಅಟ್ಲಾಂಟಿಕ್ ಮೇಲೆ. ಪೈಲಟ್ ರೇಫರ್ಡ್ ಸ್ಟೀಲನ ಮನಸ್ಸು ಹೆಂಡತಿಯ ಮೇಲಿಲ್ಲ, ಗಗನಸಖಿಯ ಮೇಲಿದೆ. ಅಷ್ಟರಲ್ಲಿ ಸೀಟುಗಳಲ್ಲಿ ಜನ ಇಲ್ಲ, ಬಟ್ಟೆ ಮಾತ್ರ ಇದೆ. ಕನ್ನಡಕ, ಬೂಟು, ಎಲ್ಲ ಬಿಟ್ಟ ಹಾಗೇ ಬಿದ್ದಿವೆ. ವಿಮಾನ ಹಿಂದಿರುಗುತ್ತದೆ. ಮೌಂಟ್ ಪ್ರಾಸ್ಪೆಕ್ಟಿನ ಮನೆಗೆ ಬಂದರೆ ಹೆಂಡತಿಯೂ ಇಲ್ಲ, ಸಣ್ಣ ಮಗನೂ ಇಲ್ಲ. ಕಾಲೇಜಿನಲ್ಲಿರುವ ಮಗಳಿಗೆ ಫೋನು ಹೋಗುತ್ತಿಲ್ಲ. ಇಷ್ಟು ಓದುವಾಗ ನಮಗೆ ಎದೆ ಹಿಂಡಿತು. ಊರಿನಿಂದ ನಡು ರಾತ್ರಿ ಬರುವ ಫೋನಿಗೆ ಹೆದರಿ ಬದುಕುವ ಜನ ನಾವು. ಮನೆಯವರು ಇದ್ದಾರೋ ಇಲ್ಲವೋ ತಿಳಿಯದ ಆ ಗಳಿಗೆ ನಮಗೆ ಗೊತ್ತು.

ಆಮೇಲೆ ಕಾದಂಬರಿ ಕುಸಿಯುತ್ತದೆ. ಕುಸಿಯುವ ಜಾಗವನ್ನೂ ಬೆರಳಿಟ್ಟು ತೋರಿಸಬಹುದು. ನಾಯಕ ಹೆಂಡತಿಯ ಚರ್ಚಿಗೆ ಹೋಗುತ್ತಾನೆ. ಅಲ್ಲಿ ಅವನಿಗೆ ಮೇಲೆ ಹೋದ ಪಾದ್ರಿ ಬಿಟ್ಟುಹೋದ ಒಂದು ವಿಡಿಯೊ ಕ್ಯಾಸೆಟ್ ಸಿಗುತ್ತದೆ. ಏನಾಯಿತು, ಏಕಾಯಿತು, ಮುಂದೇನು ಎಂಬುದೆಲ್ಲ ಅದರಲ್ಲಿದೆ. ಅಂದರೆ ಉಳಿದ ಸಂಪುಟಗಳ ಕಥೆ ಆ ಕ್ಯಾಸೆಟ್ಟಿನಲ್ಲೇ ಇದೆ! ಮುಂದಿನದೆಲ್ಲ ವೇಳಾಪಟ್ಟಿಯ ಪ್ರಕಾರ ಬಂದು ನಿಲ್ಲುವ ಬಸ್ಸುಗಳು: ಇದು ಕ್ರಿಸ್ತವಿರೋಧಿಯ ಒಪ್ಪಂದ, ಇದು ಭೂಕಂಪ, ಇದು ಮಿಡತೆ.

"ಕಥೆ ಮೊದಲೇ ಗೊತ್ತಿದ್ದರೆ ಏನು ತಪ್ಪು? ಕರ್ಣ ಸಾಯುತ್ತಾನೆ ಎಂದು ಗೊತ್ತಿದ್ದೂ ಕುಮಾರವ್ಯಾಸನನ್ನು ಕೇಳಲು ರಾತ್ರಿಯೆಲ್ಲ ಕೂರುವುದಿಲ್ಲವೇ?" ಎಂದು ನಮ್ಮಲ್ಲೊಬ್ಬರು ಕೇಳಿದರು. ಸರಿಯಾದ ಪ್ರಶ್ನೆ. ಗೊತ್ತಿರುವುದು ದೋಷವಲ್ಲ. ಕರ್ಣ ಸತ್ತಾಗ ನಾವು ಅಳುತ್ತೇವೆ, ಪಾಂಡವರ ಕಡೆಯವರಾಗಿದ್ದೂ ಅಳುತ್ತೇವೆ. ಭಾರತದಲ್ಲಿ ಗೆದ್ದವರೇ ಸೋತವರ ಹೆಣಗಳ ನಡುವೆ ನಡೆಯುವ ಒಂದು ಪರ್ವವಿದೆ. 2004ರ 'ಗ್ಲೋರಿಯಸ್ ಅಪಿಯರಿಂಗ್' ಸಂಪುಟದಲ್ಲಿ ಶತ್ರು ಸೈನಿಕರ ಶರೀರಗಳು ಯೇಸುವಿನ ಮಾತಿಗೇ ಸೀಳಿಹೋಗುತ್ತವೆ. ನಮ್ಮ ಕಥಾನಾಯಕರು ಅದನ್ನು ನೋಡುತ್ತಾರೆ, ಅಷ್ಟೇ. ಅಲ್ಲಿ ಗಾಂಧಾರಿ ಇಲ್ಲ. ಆರು ಕೋಟಿ ಪ್ರತಿಗಳ ಈ ಮಾಲೆಯ ಬಗ್ಗೆ ನಮ್ಮ ಆಕ್ಷೇಪ ದೇವತಾಶಾಸ್ತ್ರದ್ದಲ್ಲ. ಇನ್ನೊಂದು ಕಡೆಯವರಿಗೆ ಒಂದು ತೊಟ್ಟು ಕಣ್ಣೀರು ಇಲ್ಲ ಎಂಬುದು.

ಈ ವೇಳಾಪಟ್ಟಿ ಎಲ್ಲಿಂದ ಬಂತು? ಬೈಬಲಿನಿಂದ ಎಂದು ಲೇಖಕರು ಹೇಳುತ್ತಾರೆ. ಆದರೆ ಇದೇ ಬೈಬಲನ್ನು ಓದಿದ ಕ್ರೈಸ್ತ ಸಂತತಿಗಳಿಗೆ ಈ ರೂಪದಲ್ಲಿ ಅದು ಹದಿನೆಂಟು ಶತಮಾನ ಕಾಣಲಿಲ್ಲ. ಇದನ್ನು ಕಟ್ಟಿದವನು ಜಾನ್ ನೆಲ್ಸನ್ ಡಾರ್ಬಿ (1800-1882), ಆಂಗ್ಲ-ಐರಿಷ್ ಬೋಧಕ. ದಾನಿಯೇಲನ ಎಪ್ಪತ್ತು ವಾರಗಳಲ್ಲಿ ಅರವತ್ತೊಂಬತ್ತು ಮುಗಿದು ಗಡಿಯಾರ ನಿಂತಿದೆ, ಚರ್ಚಿನ ಕಾಲವೆಲ್ಲ ನಡುವಿನ ಆವರಣ, ಭಕ್ತರು ಗುಟ್ಟಾಗಿ ಮೇಲೆತ್ತಲ್ಪಟ್ಟ ಮೇಲೆ ಕೊನೆಯ ವಾರದ ಏಳು ವರ್ಷ ಟಿಕ್ ಟಿಕ್ ಎನ್ನತೊಡಗುತ್ತದೆ ಎಂಬುದು ಅವನ ಯೋಜನೆ. 1860ರ ದಶಕದಿಂದ ಅವನು ಮತ್ತೆ ಮತ್ತೆ ಅಮೆರಿಕಕ್ಕೆ ಬಂದ. ಶಿಕಾಗೋದಲ್ಲಿ ಅವನ ಮಾತು ಬೇರುಬಿಟ್ಟಿತು. ಆಮೇಲೆ ಮೂಡಿಯ ಹೆಸರಿನ ಬೈಬಲ್ ಸಂಸ್ಥೆ ಆ ಓದಿನ ದೊಡ್ಡ ಪಾಠಶಾಲೆಯಾಯಿತು. ನಮ್ಮ ಜೆಂಕಿನ್ಸ್ ಕೂಡ ಅಲ್ಲಿ ಕೆಲಸ ಮಾಡಿದವರೇ.

ಆದರೆ ಡಾರ್ಬಿಯನ್ನು ಮನೆಮನೆಗೆ ಮುಟ್ಟಿಸಿದವನು ಇನ್ನೊಬ್ಬ ಮಿಶಿಗನ್ನಿಗ: ಇಲ್ಲಿಯ ಲೆನವೀ ಕೌಂಟಿಯಲ್ಲಿ 1843ರಲ್ಲಿ ಹುಟ್ಟಿದ ಸೈರಸ್ ಸ್ಕೋಫೀಲ್ಡ್. 1909ರಲ್ಲಿ ಆಕ್ಸ್‌ಫರ್ಡ್ ಪ್ರೆಸ್ಸಿನಿಂದ ಬಂದ ಅವನ ಬೈಬಲಿನಲ್ಲಿ ಪ್ರತಿ ಪುಟದ ಅಡಿಯಲ್ಲೇ ಅವನ ಟಿಪ್ಪಣಿಗಳಿವೆ. ಲೋಕದ ಇತಿಹಾಸವನ್ನು ಅವನು ಏಳು ಯುಗಗಳಾಗಿ ಹಂಚಿದ. (ನಮ್ಮವು ನಾಲ್ಕೇ. ಎಷ್ಟಾದರೂ ನಾವು ಮಿತವ್ಯಯದವರು.) ವಿಮರ್ಶೆಯ ಕಣ್ಣಿಗೆ ಇಲ್ಲಿ ಮುಖ್ಯವಾದದ್ದು ಅವನ ಯುಗಗಳಲ್ಲ, ಅವನ ಪುಟ. ನಮ್ಮ ಗಮಕದಲ್ಲಿ ವಾಚನ ಮಾಡುವವರು ಒಬ್ಬರು, ವ್ಯಾಖ್ಯಾನ ಹೇಳುವವರು ಇನ್ನೊಬ್ಬರು. ದನಿಯೇ ಬೇರೆ, ಕೂತ ಜಾಗವೇ ಬೇರೆ. ಯಾವುದು ಕವಿಯ ಮಾತು, ಯಾವುದು ವ್ಯಾಖ್ಯಾನಕಾರರ ಉತ್ಸಾಹ ಎಂದು ಅಜ್ಜಿಗೂ ಗೊತ್ತಾಗುತ್ತದೆ. ಸ್ಕೋಫೀಲ್ಡನ ಪುಟದಲ್ಲಿ ಎರಡೂ ಒಂದೇ ರಟ್ಟಿನೊಳಗೆ, ಒಂದೇ ಪವಿತ್ರ ಕಾಗದದ ಮೇಲೆ. ಎರಡು ತಲೆಮಾರು ಕಳೆಯುವಷ್ಟರಲ್ಲಿ ಓದುಗನಿಗೆ ಗೆರೆಯ ಮೇಲಿನದೂ ಕೆಳಗಿನದೂ ಒಂದೇ ಆಗಿಹೋಯಿತು.

ಇನ್ನು ಉಳಿದ ಓದುಗಳು. ನಮಗೆ ಅವನ್ನೆಲ್ಲ ಬೇರ್ಪಡಿಸಲು ಒಂದು ಸುಲಭದ ಉಪಾಯ ಸಿಕ್ಕಿತು: ಬಾಬೆಲ್ ಯಾವ ಊರು ಎಂದು ಕೇಳಿದರೆ ಸಾಕು. 'ಪ್ರಕಟನೆ'ಯ 17-18ನೇ ಅಧ್ಯಾಯಗಳಲ್ಲಿ ಬಾಬೆಲ್ ಎಂಬ ಮಹಾನಗರಿ, ಕಡುಗೆಂಪು ಉಟ್ಟ ಹೆಣ್ಣಾಗಿ ಮೃಗದ ಮೇಲೆ ಕೂತಿದ್ದಾಳೆ. ಯಾರವಳು?

ಬಹುಪಾಲು ವಿದ್ವಾಂಸರ ಉತ್ತರ ರೋಮ್. ಮೊದಲ ಶತಮಾನದ ಕೊನೆಗೆ, ಪತ್ಮೋಸ್ ದ್ವೀಪದಿಂದ, ಇಂದಿನ ಟರ್ಕಿಯಲ್ಲಿದ್ದ ಏಳು ಪುಟ್ಟ ಸಭೆಗಳಿಗೆ ಯೋಹಾನ ಬರೆದ ಕಾಗದ ಇದು. ಚಕ್ರವರ್ತಿಯನ್ನು ಹೆಸರೆತ್ತಿ ಬೈಯುವಂತಿಲ್ಲ. ಏಳು ಗುಡ್ಡಗಳ ಮೇಲೆ ಕೂತವಳು ಎಂದರೆ ಆ ಕಾಲದವರಿಗೆ ಅರ್ಥವಾಗುತ್ತಿತ್ತು. 666ರ ಒಗಟೂ ಹಾಗೆಯೇ. ಕನಕಾಂಗಿ ಎಂಬ ಹೆಸರಿನಲ್ಲೇ ಅದು ಒಂದನೆಯ ಮೇಳ ಎಂದು ಕಟಪಯಾದಿಯಿಂದ ಲೆಕ್ಕ ಹಾಕುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೀಬ್ರೂವಿನಲ್ಲೂ ಅಕ್ಷರಕ್ಕೆ ಅಂಕೆ ಉಂಟು. 'ನೇರೋನ್ ಕೈಸರ್' ಎಂಬುದನ್ನು ಹೀಬ್ರೂ ಅಕ್ಷರಗಳಲ್ಲಿ ಬರೆದು ಕೂಡಿಸಿದರೆ 666. ಲ್ಯಾಟಿನ್ನಿನ ಹಾಗೆ ಕೊನೆಯ ನಕಾರ ಬಿಟ್ಟು 'ನೇರೋ' ಎಂದರೆ ಐವತ್ತು ಕಳೆದು 616. ಹಳೆಯ ಕೆಲವು ಪ್ರತಿಗಳಲ್ಲಿ, ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಪಪೈರಸ್ ತುಣುಕಿನಲ್ಲೂ, 616 ಎಂದೇ ಇದೆ. ಪಾಠಾಂತರವೇ ಒಗಟಿನ ಕೀಲಿಕೈ ಆದ ಇಂಥ ಸಂದರ್ಭ ಗ್ರಂಥಸಂಪಾದನೆಯ ಇತಿಹಾಸದಲ್ಲಿ ಅಪರೂಪ.

ಲೂಥರನ ಕಡೆಯವರ ಉತ್ತರವೂ ರೋಮೇ, ಆದರೆ ಪೋಪ್ ಇರುವ ರೋಮ್. 1522ರ ಸೆಪ್ಟೆಂಬರಿನಲ್ಲಿ ಬಂದ ಅವನ ಜರ್ಮನ್ ಹೊಸ ಒಡಂಬಡಿಕೆಯ ಮುನ್ನುಡಿಯಲ್ಲಿ ಈ ಪುಸ್ತಕ ತನಗೆ ಒಗ್ಗುವುದಿಲ್ಲ ಎಂದು ಲೂಥರ್ ಬರೆದ. ಅದೇ ಪುಸ್ತಕದ ಮರದಚ್ಚಿನ ಚಿತ್ರದಲ್ಲಿ ಬಾಬೆಲಿನ ಹೆಣ್ಣಿನ ತಲೆಯ ಮೇಲೆ ಪೋಪನ ಮೂರಂತಸ್ತಿನ ಕಿರೀಟ! ದೂರು ಹೋಯಿತು. ಡಿಸೆಂಬರಿನ ಮುದ್ರಣದಲ್ಲಿ ಅದು ಸಾದಾ ಕಿರೀಟವಾಯಿತು. ಕ್ಯಾಲ್ವಿನ್ ಜಾಣ, ಹೊಸ ಒಡಂಬಡಿಕೆಯ ಹೆಚ್ಚಿನ ಪುಸ್ತಕಗಳಿಗೆಲ್ಲ ವ್ಯಾಖ್ಯಾನ ಬರೆದವನು ಇದರ ತಂಟೆಗೇ ಹೋಗಲಿಲ್ಲ.

ಅಗಸ್ಟೀನನಿಗೆ ಬಾಬೆಲ್ ಒಂದು ಊರೇ ಅಲ್ಲ, ಮನುಷ್ಯ ತನ್ನನ್ನೇ ಪ್ರೀತಿಸಿಕೊಂಡು ಕಟ್ಟುವ ಪ್ರತಿಯೊಂದು ನಗರ. 20ನೇ ಅಧ್ಯಾಯದಲ್ಲಿ ಬರುವ ಕ್ರಿಸ್ತನ ಸಾವಿರ ವರ್ಷದ ಆಳ್ವಿಕೆಯನ್ನೂ ಅವನು ಮುಂದೆ ಬರುವ ಕಾಲವೆಂದು ಓದಲಿಲ್ಲ, ಈಗಾಗಲೇ ನಡೆಯುತ್ತಿರುವ ಚರ್ಚಿನ ಕಾಲವೆಂದು ಓದಿದ. ರೋಮನ್ ಕೆಥೊಲಿಕರೂ ಸುಧಾರಿತ ಸಭೆಗಳ ಬಹುಪಾಲೂ ಈ ಜಾಡಿನವರು. ಕ್ರಿಸ್ತ ಬಂದ ಮೇಲೆ ಸಾವಿರ ವರ್ಷವೇ, ಸಾವಿರ ವರ್ಷ ಆದ ಮೇಲೆ ಕ್ರಿಸ್ತನೇ, ಅಥವಾ ಅದು ಎಣಿಸುವ ಸಂಖ್ಯೆಯೇ ಅಲ್ಲವೇ ಎಂಬ ಮೂರು ಪಕ್ಷಗಳ ನಡುವೆ ನಡೆದಿರುವ ವಾಗ್ವಾದ ನಮ್ಮ ದ್ವೈತಾದ್ವೈತಕ್ಕೆ ಏನೂ ಕಡಿಮೆಯಿಲ್ಲ.

ಡಾರ್ಬಿಯ ಮಕ್ಕಳಿಗೆ ಬಾಬೆಲ್ ಇನ್ನು ಮುಂದೆ ಬರಬೇಕಾದದ್ದು. ಲಹೇ-ಜೆಂಕಿನ್ಸರ ಕಾದಂಬರಿಯಲ್ಲಂತೂ ಅದು ಅಕ್ಷರಶಃ ಇರಾಕಿನಲ್ಲಿ ಹೊಸದಾಗಿ ಕಟ್ಟಿದ 'ನ್ಯೂ ಬ್ಯಾಬಿಲಾನ್', ಕ್ರಿಸ್ತವಿರೋಧಿ ನಿಕೊಲಾಯ್ ಕಾರ್ಪೇಥಿಯನ ರಾಜಧಾನಿ.

ಈ ಜಗಳದ ಎರಡೂ ಕಡೆಯವರು ನಮ್ಮ ರಾಜ್ಯದ ಒಂದೇ ಊರಿನಲ್ಲಿ ಅಚ್ಚಾದದ್ದು ಒಂದು ತಮಾಷೆ. ಹಾಲ್ ಲಿಂಡ್ಸೆಯ 'ದ ಲೇಟ್ ಗ್ರೇಟ್ ಪ್ಲಾನೆಟ್ ಅರ್ತ್' 1970ರಲ್ಲಿ ಗ್ರ್ಯಾಂಡ್ ರ‍್ಯಾಪಿಡ್ಸ್‌ನ ಜಾಂಡರ್ವನ್‌ನಿಂದ ಬಂತು. ಅದಕ್ಕೆ ಎದುರು ಪಕ್ಷದ ಶಾಂತ ಉತ್ತರ ಎನ್ನಬಹುದಾದ, ಕ್ಯಾಲ್ವಿನ್ ಸೆಮಿನರಿಯ ಆಂಟನಿ ಹೋಕೆಮಾ ಬರೆದ 'ದ ಬೈಬಲ್ ಅಂಡ್ ದ ಫ್ಯೂಚರ್' 1979ರಲ್ಲಿ ಅದೇ ಊರಿನ ಏರ್ಡ್‌ಮನ್ಸ್‌ನಿಂದ ಬಂತು. ಮೊದಲನೆಯದು ಆ ದಶಕದ ಅತಿ ಹೆಚ್ಚು ಮಾರಾಟವಾದ ಪುಸ್ತಕಗಳಲ್ಲಿ ಒಂದಾಯಿತು. ಎರಡನೆಯದನ್ನು ಸೆಮಿನರಿಯ ಹುಡುಗರು ಓದಿದರು. ಲಿಂಡ್ಸೆ ಹತ್ತು ಕೊಂಬಿನ ಮೃಗವನ್ನು ಯುರೋಪಿನ ಸಾಮಾನ್ಯ ಮಾರುಕಟ್ಟೆಯಲ್ಲಿ ಕಂಡ. 1981ರಲ್ಲಿ ಗ್ರೀಸ್ ಸೇರಿ ಅದು ಸರಿಯಾಗಿ ಹತ್ತು ದೇಶವಾದಾಗ ಎಷ್ಟು ಮಂದಿಗೆ ರೋಮಾಂಚನವಾಗಿತ್ತೋ! ಐದು ವರ್ಷಕ್ಕೆ ಸ್ಪೇನ್, ಪೋರ್ಚುಗಲ್ ಬಂದು ಹನ್ನೆರಡಾಯಿತು. ಈಗ ಇಪ್ಪತ್ತೇಳು. ಮೃಗಕ್ಕೆ ಅಷ್ಟು ಕೊಂಬಿಲ್ಲ.

ಈ ಪಂಥದವರು ತಮ್ಮದು ಅಕ್ಷರಾರ್ಥದ ಓದು ಎನ್ನುತ್ತಾರೆ. ನಾವು ಓದಿದಂತೆ ಅದು ಹಾಗಿಲ್ಲ. ಯೋಹಾನನ ಮಿಡತೆಗಳು ಲಿಂಡ್ಸೆಯ ಇನ್ನೊಂದು ಪುಸ್ತಕದಲ್ಲಿ ಹೆಲಿಕಾಪ್ಟರುಗಳಾಗುತ್ತವೆ. ಇದು ಅಕ್ಷರಾರ್ಥವಲ್ಲ, ರೂಪಕವೇ. ಒಂದು ಬೆಳಗಿನ ಪತ್ರಿಕೆಯಷ್ಟು ಆಯುಸ್ಸಿನ ರೂಪಕ, ಅಷ್ಟೇ ವ್ಯತ್ಯಾಸ. ಅಕ್ಷರಾರ್ಥ ಹಿಡಿದು ಓದುವವರ ಬಗ್ಗೆ ನಾವು ಟ್ರಾಯ್‌ನವರು ಹೆಚ್ಚು ನಗುವಂತೆಯೂ ಇಲ್ಲ. 2011ರ ಬೇಸಿಗೆ ನೆನಪಿದೆಯೇ? ನಮ್ಮ ಲೈಬ್ರರಿಯನ್ನು ಉಳಿಸಲು 0.7 ಮಿಲ್ ತೆರಿಗೆಗೆ ಆಗಸ್ಟ್ 2ರಂದು ಮತದಾನ. ಊರ ತುಂಬ ಫಲಕಗಳು ಎದ್ದವು: ಲೈಬ್ರರಿ ಮುಚ್ಚಲು ಮತ ಹಾಕಿ, ಆಗಸ್ಟ್ 5ಕ್ಕೆ ಪುಸ್ತಕ ಸುಡುವ ಪಾರ್ಟಿ ಎಂದು. ಊರಿಗೆ ಊರೇ ಕೆಂಡವಾಯಿತು. ಅದು ಲೈಬ್ರರಿ ಉಳಿಸುವವರದೇ ವ್ಯಂಗ್ಯ ಎಂದು ಆಮೇಲೆ ಗೊತ್ತಾಯಿತು. ಲೈಬ್ರರಿ ಉಳಿಯಿತು. ಆ ಫಲಕದ ಮಾತು ಸುಳ್ಳಾಯಿತೇ? ಇಲ್ಲ, ಅದು ತನ್ನ ಕೆಲಸ ಮಾಡಿತು, ಸುಳ್ಳಾಗುವುದೇ ಅದರ ಕೆಲಸವಾಗಿತ್ತು. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ದಿನಾಂಕ ಹೇಳಿ ಕೆಟ್ಟವರ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಬೇಗ ದಾಟೋಣ. ವಿಲಿಯಂ ಮಿಲ್ಲರ್ ಎಂಬ ರೈತ 1844ರ ಅಕ್ಟೋಬರ್ 22 ಎಂಬ ದಿನಕ್ಕೆ ಬಂದು ಸೇರಿದ, ಹೊಲದ ಫಸಲನ್ನು ಹಾಗೆಯೇ ಬಿಟ್ಟು ಕಾದವರಿದ್ದರು. ಆ ನಿರಾಶೆಯ ಬೂದಿಯಿಂದ ಎದ್ದ ಸೆವೆಂತ್ ಡೇ ಅಡ್ವೆಂಟಿಸ್ಟರು 1863ರಲ್ಲಿ ನಮ್ಮ ಬ್ಯಾಟಲ್ ಕ್ರೀಕಿನಲ್ಲಿ ಸಂಘಟಿತರಾದರು. ಅವರ ಆರೋಗ್ಯಧಾಮದಲ್ಲಿ ಕೆಲ್ಲಾಗ್ ಸಹೋದರರ ಕೈಯಲ್ಲಿ ಹುಟ್ಟಿದ ಕಾರ್ನ್‌ಫ್ಲೇಕ್ಸನ್ನು ನಮ್ಮ ಮಕ್ಕಳು ಈಗಲೂ ತಿನ್ನುತ್ತವೆ. ಬೆಂಟನ್ ಹಾರ್ಬರಿನ ಹೌಸ್ ಆಫ್ ಡೇವಿಡ್‌ನವರು 1903ರಿಂದ ಲೋಕಾಂತ್ಯಕ್ಕೆ ಕಾಯುತ್ತಾ, ಕಾಯುವಾಗ ಬೇಜಾರಾಗದಿರಲೆಂದೋ ಏನೋ, ಗಡ್ಡ ಬಿಟ್ಟ ಬೇಸ್‌ಬಾಲ್ ತಂಡ ಕಟ್ಟಿದರು. 2011ರ ಮೇ 21 ಎಂದ ಹೆರಾಲ್ಡ್ ಕ್ಯಾಂಪಿಂಗ್‌ನ ಹೆದ್ದಾರಿ ಫಲಕಗಳಂತೂ ನಿನ್ನೆ ಮೊನ್ನೆಯವು.

ಆದರೆ ನಮ್ಮ ಕನ್ನಡಕ್ಕೂ ಇಂಥದೊಂದು ದಿನಾಂಕದ ನಂಟಿದೆ ಎಂಬುದು ನಮಗೆ ಹೊಸದು. ಜರ್ಮನಿಯ ವ್ಯುರ್ಟೆಂಬರ್ಗಿನ ಬೆಂಗೆಲ್ (1687-1752) ದೊಡ್ಡ ಪಾಠಪರಿಷ್ಕರಣಕಾರ. ಪಾಠಾಂತರಗಳಲ್ಲಿ ಕ್ಲಿಷ್ಟವಾದದ್ದನ್ನೇ ಮೂಲವೆಂದು ಹಿಡಿಯಬೇಕು ಎಂದು ನಮ್ಮ ಹಳಗನ್ನಡದ ಸಂಪಾದಕರೂ ಬಳಸುವ ಸೂತ್ರದ ಹಿಂದೆ ಅವನಿದ್ದಾನೆ. ಅಂಥವನು 'ಪ್ರಕಟನೆ'ಯನ್ನು ಲೆಕ್ಕ ಹಾಕಿ, 1836ರ ಜೂನ್ 18ಕ್ಕೆ ಮೃಗ ಬೀಳುತ್ತದೆ, ಸಾವಿರ ವರ್ಷ ಶುರುವಾಗುತ್ತದೆ ಎಂದ. ಆ ಸೀಮೆಯ ಭಕ್ತ ಮನೆಗಳಲ್ಲಿ ಆ ವರ್ಷದ ನಿರೀಕ್ಷೆ ಬೆಳೆಯಿತು. ಬಾಸೆಲ್ ಮಿಷನ್ನಿಗೆ ಬಹಳಷ್ಟು ಹುಡುಗರು ಬಂದದ್ದು ಅಲ್ಲಿಂದಲೇ. ಅದೇ ಸೀಮೆಯ ಹರ್ಮನ್ ಮೋಗ್ಲಿಂಗ್ ಮಂಗಳೂರಿಗೆ ಬಂದಿಳಿದದ್ದು ಅದೇ 1836ರಲ್ಲಿ! ಅವನು ಆ ಲೆಕ್ಕವನ್ನು ನಂಬಿದ್ದನೆಂದು ನಾವು ಹೇಳುತ್ತಿಲ್ಲ. ಮೃಗ ಬೀಳಲಿಲ್ಲ. ಏಳು ವರ್ಷದ ಮೇಲೆ, 1843ರ ಜುಲೈ 1ರಂದು, 'ಮಂಗಳೂರ ಸಮಾಚಾರ' ಹೊರಟಿತು.

ನಮ್ಮಲ್ಲೂ ಭವಿಷ್ಯವಾಣಿಗಳಿಗೆ ಬರವಿಲ್ಲವಲ್ಲ ಎಂದು ಹೂವಿನಹಡಗಲಿ ಕಡೆಯ ಸದಸ್ಯರೊಬ್ಬರು ಮೈಲಾರದ ಕಾರ್ಣಿಕವನ್ನು ನೆನೆದರು. ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರಿ "ಸದ್ದಲೇ" ಎನ್ನುತ್ತಾನೆ. ಲಕ್ಷಾಂತರ ಜನ ಉಸಿರು ಹಿಡಿಯುತ್ತಾರೆ. ಒಂದೇ ಒಂದು ಸಾಲು ಹೇಳಿ ಅವನು ಕೆಳಕ್ಕೆ ಬೀಳುತ್ತಾನೆ. ರೈತ ಅದರಲ್ಲಿ ಮಳೆ ಕಾಣುತ್ತಾನೆ, ರಾಜಕಾರಣಿ ಕುರ್ಚಿ ಕಾಣುತ್ತಾನೆ, ಮನೆಗೆ ಹೋಗುವ ಬಸ್ಸಿನಲ್ಲೇ ಹತ್ತು ವ್ಯಾಖ್ಯಾನ ಹುಟ್ಟುತ್ತವೆ. ಆದರೆ ಮುಂದಿನ ವರ್ಷ ಭರತ ಹುಣ್ಣಿಮೆಗೆ ಇನ್ನೊಂದು ಸಾಲು ಬರುತ್ತದೆ, ಹಳೆಯ ವ್ಯಾಖ್ಯಾನ ತಾನಾಗಿ ಉದುರಿಹೋಗುತ್ತದೆ. ಬೈಬಲಿನ ಭವಿಷ್ಯದವರಿಗೆ ಆ ಸವಲತ್ತಿಲ್ಲ, ಇರುವುದು ಒಂದೇ ಸಾಲು. ಅದಕ್ಕೇ ವ್ಯಾಖ್ಯಾನದ ಪರಿಷ್ಕೃತ ಮುದ್ರಣಗಳು ಬರುತ್ತಲೇ ಇರಬೇಕು.

ಈಗ ಆ ಮಗು ಕೇಳಿದ ಪ್ರಶ್ನೆಗೆ ಬರೋಣ. ಮೇಲೆ ಹೋಗುವುದು ಎಂಬುದು 'ಪ್ರಕಟನೆ'ಯ ಮಾತಲ್ಲ. ಅದರ ಮುಖ್ಯ ಆಧಾರ ಪೌಲ ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದ 4ನೇ ಅಧ್ಯಾಯ. 'ರ‍್ಯಾಪ್ಚರ್' ಎಂಬ ಪದ ಬಂದದ್ದೂ ಅದರ ಲ್ಯಾಟಿನ್ ಅನುವಾದದಿಂದ. ಭಕ್ತರು ಮೋಡಗಳಲ್ಲಿ ಒಯ್ಯಲ್ಪಟ್ಟು ಕರ್ತನನ್ನು ಆಕಾಶದಲ್ಲಿ ಸಂಧಿಸುತ್ತಾರೆ ಎಂಬುದು ಅದರ ತಾತ್ಪರ್ಯ. ಆ ಸಂಧಿಸುವುದಕ್ಕೆ ಕನ್ನಡ ಬೈಬಲಿನಲ್ಲಿ ಇರುವ ಕ್ರಿಯಾಪದ ನೋಡಿ ನಾವು ಒಂದು ಕ್ಷಣ ಸುಮ್ಮನಾದೆವು: ಎದುರುಗೊಳ್ಳು.

ಬೀಗರ ದಿಬ್ಬಣ ಬಂತೆಂದರೆ ಏನು ಮಾಡುತ್ತೇವೆ? ಕಲಶ ಹಿಡಿದು, ವಾದ್ಯ ಹಿಡಿದು ಊರ ಬಾಗಿಲಿಗೆ ಹೋಗುತ್ತೇವೆ. ಎದುರುಗೊಂಡು ಮನೆಗೆ ಕರೆತರುತ್ತೇವೆ. ಅವರ ಗಾಡಿ ಹತ್ತಿ ಅವರೂರಿಗೆ ಹೊರಟುಬಿಡುವುದಿಲ್ಲ! ಮೂಲ ಗ್ರೀಕಿನ 'ಅಪಾಂಟೇಸಿಸ್' ಪದವೂ ಇದೇ ಬಗೆಯದು. ಮತ್ತಾಯನ 25ನೇ ಅಧ್ಯಾಯದಲ್ಲಿ ದೀಪ ಹಿಡಿದ ಕನ್ಯೆಯರು ಮದುಮಗನನ್ನು ಎದುರುಗೊಂಡು ಅವನ ಜೊತೆಯಲ್ಲೇ ಮದುವೆ ಮನೆಯೊಳಕ್ಕೆ ಹೋಗುತ್ತಾರೆ. ಅಪೊಸ್ತಲರ ಕೃತ್ಯಗಳ 28ನೇ ಅಧ್ಯಾಯದಲ್ಲಿ ರೋಮಿನವರು ಹೊರಗೆ ಬಂದು ಪೌಲನನ್ನು ಎದುರುಗೊಳ್ಳುತ್ತಾರೆ, ಪೌಲ ರೋಮಿಗೇ ಬರುತ್ತಾನೆ. ಮೂರೂ ಕಡೆ ಅದೇ ಪದ. ಹಾಗೆ ಓದಿದರೆ ದೇವರು ಇಲ್ಲಿಗೆ ಬರುತ್ತಾನೆ, ಭಕ್ತರು ಊರ ಬಾಗಿಲಿಗೆ ಹೋಗಿ ಕರೆತರುತ್ತಾರೆ. ಯಾರೂ ಯಾರನ್ನೂ ಬಿಟ್ಟು ಹೋಗುವ ಕಥೆಯೇ ಅಲ್ಲ ಅದು. ಪದವೊಂದೇ ಇದನ್ನು ಸಾಧಿಸಲಾರದು, ಬರೀ ಭೇಟಿಯಾಗುವುದು ಎಂದೂ ಅರ್ಥವಿರಬಹುದು ಎಂದು ಡಾರ್ಬಿಯ ಕಡೆಯವರು ವಾದಿಸುತ್ತಾರೆ. ನ್ಯಾಯವೇ. ಆದರೂ ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಶುರುಮಾಡಿ ಮುಂದೆ ಬಾಸೆಲ್ ಮಿಷನ್ನಿನವರೂ ಕೈಹಾಕಿ ಹಲವರು ತಿದ್ದುತ್ತಾ ಬಂದ ಆ ಕನ್ನಡದಲ್ಲಿ, ಯಾರೋ ಒಬ್ಬ ಅನಾಮಿಕ ಮುನ್ಷಿ ಸೂಚಿಸಿರಬಹುದಾದ ಈ ಪದ, ಒಂದು ಪುಸ್ತಕ ಹೇಳುವಷ್ಟನ್ನು ಹೇಳಿಬಿಡುತ್ತದೆ.

ಧಾರವಾಡದ ಗೆಳೆಯರು ಆವರೆಗೆ ಮಾತಾಡಿರಲಿಲ್ಲ. ಆಮೇಲೆ ಹೇಳಿದರು: "ಈ ವಚನ ನಂಗ ಬಾಯಿಪಾಠ ಅದ. ಆದ್ರ ಇದು ಭವಿಷ್ಯಾ ಹೇಳೋದು ಅಂತ ಅಮೆರಿಕಾಕ್ಕ ಬಂದ ಮ್ಯಾಲೇ ಗೊತ್ತಾತು. ನಮ್ಮಲ್ಲೆ ಇದನ್ನ ಮಣ್ಣಿಗೆ ಓದ್ತಾರ." ಅವರ ತಂದೆ ತೀರಿಕೊಂಡಾಗ ಟಿಕೆಟ್ ಸಿಗದೆ ಅವರು ಹೋಗಲಾಗಲಿಲ್ಲ. ಇಲ್ಲಿ ಬೆಳಗಿನ ಜಾವ ಮೂರೂವರೆ. ಅಣ್ಣ ಗೋರಿಯ ಪಕ್ಕ ಮೊಬೈಲ್ ಹಿಡಿದು ನಿಂತಿದ್ದ. ಪಾದ್ರಿಗಳು ಓದುತ್ತಿದ್ದ ಇದೇ ಭಾಗ ಗಾಳಿಯ ಸದ್ದಿನ ನಡುವೆ ತುಂಡು ತುಂಡಾಗಿ ಕೇಳಿಸಿತಂತೆ. ಪತ್ರವನ್ನು ಮತ್ತೆ ತೆಗೆದು ನೋಡಿದೆವು. ಹೌದು, ಪೌಲ ಅದನ್ನು ಬರೆದದ್ದೂ ತಮ್ಮವರನ್ನು ಕಳೆದುಕೊಂಡು ದುಃಖದಲ್ಲಿದ್ದವರಿಗೆ, ಒಬ್ಬರನ್ನೊಬ್ಬರು ಸಮಾಧಾನಪಡಿಸಿಕೊಳ್ಳಲಿ ಎಂದು. ಸತ್ತವರು ಹಿಂದೆ ಉಳಿದುಬಿಡುತ್ತಾರೇನೋ ಎಂಬುದೇ ಅವರ ಭಯವಾಗಿತ್ತು. ಯಾರೂ ಉಳಿಯುವುದಿಲ್ಲ ಎಂದು ಹೇಳಲು ಬರೆದ ಮಾತಿನಿಂದ 'ಲೆಫ್ಟ್ ಬಿಹೈಂಡ್' ಎಂಬ ಹೆಸರಿನ ಮಾಲೆ ಹುಟ್ಟಿದ್ದು ಓದಿನ ಇತಿಹಾಸದ ದೊಡ್ಡ ವಿಪರ್ಯಾಸಗಳಲ್ಲಿ ಒಂದು.

ಕೊನೆಗೆ ಬಾಬೆಲ್. ಅದನ್ನು ಹುಡುಕಿ ಇರಾಕಿಗೆ ಹೋಗಬೇಕಿಲ್ಲ, ನಮ್ಮ ಬಿಗ್ ಬೀವರ್ ರಸ್ತೆಗೆ ಹೋದರೆ ಸಾಕು. ಅಲ್ಲಿ ಸೇಂಟ್ ಜೋಸೆಫ್ ಖಾಲ್ದಿಯನ್ ಕೆಥೊಲಿಕ್ ಚರ್ಚು ಇದೆ. ಇರಾಕಿನ ಹೊರಗೆ ಖಾಲ್ದಿಯನ್ ಕ್ರೈಸ್ತರ ಅತಿ ದೊಡ್ಡ ನೆಲೆ ಇದೇ ಡೆಟ್ರಾಯಿಟ್ ಸುತ್ತಮುತ್ತ. ಹಲವರ ಮೂಲ ಮೋಸುಲ್ ಹತ್ತಿರದ ತೆಲ್‌ಕೆಪ್ಪೆ ಮುಂತಾದ ಊರುಗಳು. ಮನೆಮಾತು ಅರಮಾಯಿಕ್‌ನ ಇಂದಿನ ರೂಪ, ಯೇಸುವಿನ ನುಡಿಯ ಬಳಗದ್ದು. ಅವರ ಸಭೆಯ ಮುಖ್ಯಸ್ಥರ ಪೀಠಕ್ಕೆ ಬಹುಕಾಲ ಇದ್ದ ಹೆಸರೇ ಬಾಬೆಲಿನದು. ನಾವು ಬಾಳೆಕಾಯಿ ಸಿಗದಿದ್ದಾಗ ಹೋಗುವ ಅಂಗಡಿಯವರು, ನಮ್ಮ ಮಕ್ಕಳ ಸಹಪಾಠಿಗಳು. 2003ರಲ್ಲಿ, ಇರಾಕ್ ಯುದ್ಧದ ವರ್ಷವೇ, ಈ ಮಾಲೆಯ 'ಅರ್ಮಗೆಡನ್' ಸಂಪುಟ ಹೊರಬಂತು. 2014ರ ಬೇಸಿಗೆಯಲ್ಲಿ ಐಸಿಸ್ ಮೋಸುಲ್ ಹಿಡಿದು, ಕ್ರೈಸ್ತರ ಮನೆಗೋಡೆಗಳ ಮೇಲೆ ಅರಬ್ಬಿಯ 'ನ' ಅಕ್ಷರ ಬರೆಯಿತು. ಆಗಸ್ಟಿನಲ್ಲಿ ನಿನೆವೆ ಬಯಲಿನ ಊರುಗಳು ರಾತ್ರೋರಾತ್ರಿ ಖಾಲಿಯಾದವು. ಅದೇ ಅಕ್ಟೋಬರಿನಲ್ಲಿ, ಜನ ಇದ್ದಕ್ಕಿದ್ದಂತೆ ಮಾಯವಾಗಿ ಬಟ್ಟೆ ಮಾತ್ರ ಉಳಿಯುವ 'ಲೆಫ್ಟ್ ಬಿಹೈಂಡ್' ಹೊಸ ಸಿನಿಮಾ, ನಿಕೊಲಸ್ ಕೇಜ್ ನಾಯಕನಾಗಿ, ಇಲ್ಲಿಯ ಥಿಯೇಟರುಗಳಿಗೆ ಬಂತು. ಆ ಚಿತ್ರ ನೋಡಿದವರಲ್ಲಿ ಎಷ್ಟು ಮಂದಿಗೆ ಪಕ್ಕದ ಮನೆಯವರ ಬಂಧುಗಳು ನಿಜವಾಗಿಯೂ ಮಾಯವಾದದ್ದು ಗೊತ್ತಿತ್ತು?

ಖಾಲ್ದಿಯನ್ನರು ಪ್ರತಿ ವರ್ಷ ತಪಸ್ಸುಕಾಲಕ್ಕೆ ಮೊದಲು ಮೂರು ದಿನ 'ಬಾವೂಥಾ' ಎಂಬ ಉಪವಾಸ ಮಾಡುತ್ತಾರೆ. ನಿನೆವೆಯ ಉಪವಾಸ. ಕಥೆ ಯೋನನದು. ನಲವತ್ತು ದಿನದಲ್ಲಿ ಈ ಊರು ನಾಶವಾಗುತ್ತದೆ ಎಂದು ಅವನು ಸಾರಿದ. ಜನ ಗೋಣಿತಟ್ಟು ಉಟ್ಟು ಉಪವಾಸ ಕೂತರು. ಊರು ಉಳಿಯಿತು. ತನ್ನ ಮಾತು ಸುಳ್ಳಾಯಿತಲ್ಲ ಎಂದು ಪ್ರವಾದಿಗೆ ಸಿಟ್ಟು ಬಂತು! ಸುಳ್ಳಾದ ಭವಿಷ್ಯವಾಣಿಗೆ ಇವರು ತಲೆತಲಾಂತರದಿಂದ ಉಪವಾಸವಿದ್ದು ಕೃತಜ್ಞತೆ ಸಲ್ಲಿಸುತ್ತಿದ್ದಾರೆ. ನಮ್ಮ ಲೈಬ್ರರಿಯ ಫಲಕದ ಹಾಗೆ. ಭವಿಷ್ಯವಾಣಿ ಎಂದರೆ ವೇಳಾಪಟ್ಟಿಯಲ್ಲ, ಎಚ್ಚರಿಕೆ ಎಂಬ ಈ ಓದು ಬೈಬಲಿನಲ್ಲೇ ಇದೆ, ನಮ್ಮ ರಸ್ತೆಯಲ್ಲೇ ಇದೆ.

ಹಾಗೆಂದು 'ಪ್ರಕಟನೆ' ಸಾಧುವಾದ ಪುಸ್ತಕ ಎನ್ನಲಾರೆವು. ರಕ್ತ ಕುದುರೆಗಳ ಕಡಿವಾಣದ ಮಟ್ಟಕ್ಕೆ ಹರಿಯುತ್ತದೆ. ಬಾಬೆಲ್ ಬಿದ್ದಾಗ ಸ್ವರ್ಗ ಹಿಗ್ಗುತ್ತದೆ. ದುರ್ಬಲರ ಹೊಟ್ಟೆಕಿಚ್ಚಿನ ಪುಸ್ತಕ ಎಂದು ಡಿ.ಎಚ್. ಲಾರೆನ್ಸ್ ಸಾಯುವ ಮುನ್ನ ಬರೆದ 'ಅಪೊಕಲಿಪ್ಸ್'ನಲ್ಲಿ ಸಿಡುಕಿದ್ದು ಪೂರ್ತಿ ತಪ್ಪಲ್ಲ. ಆದರೂ 18ನೇ ಅಧ್ಯಾಯದಲ್ಲಿ ಕವಿ ಶತ್ರುನಗರಿಗೂ ಒಂದು ಶೋಕಗೀತೆ ಕೊಡುತ್ತಾನೆ. ಅರಸರು, ವರ್ತಕರು, ನಾವಿಕರು ದೂರದಲ್ಲಿ ನಿಂತು ಹೊಗೆ ನೋಡಿ ಅಳುತ್ತಾರೆ. ಇನ್ನು ಕೊಳ್ಳುವವರಿಲ್ಲದ ಸರಕಿನ ಪಟ್ಟಿ ಬರುತ್ತದೆ: ಬಂಗಾರ, ಮುತ್ತು, ರೇಷ್ಮೆ, ದಂತ, ದಾಲ್ಚಿನ್ನಿ, ಸಾಂಬಾರ... ನಮ್ಮ ಪಡುವಣ ಕರಾವಳಿಯ ಹಡಗುಗಳ ವಾಸನೆ ಬರುವ ಪಟ್ಟಿ. ಅದರ ಕಟ್ಟಕಡೆಯ ಸರಕು, ಮನುಷ್ಯರು. ಗುಲಾಮರು. ಮೃಗ, ಕೊಂಬು, ಅಂಕೆಗಳ ನಡುವೆ ಹುದುಗಿರುವ ಈ ಪಟ್ಟಿಗೆ 'ಲೆಫ್ಟ್ ಬಿಹೈಂಡ್' ಮಾಲೆಯಲ್ಲಿ ಸಮನಾದದ್ದು ನಮಗೆ ಕಾಣಲಿಲ್ಲ.

ಮಗುವಿನ ವಿಷಯ ಕೇಳುತ್ತೀರಿ. ಅಮ್ಮ ಇಷ್ಟೆಲ್ಲ ಓದಿ, ಎದುರುಗೊಳ್ಳುವ ಕಥೆ ಹೇಳಲು ಸಿದ್ಧರಾಗಿ ಹೋದರೆ, ಹುಡುಗಿಯರಿಬ್ಬರೂ ಆಗಲೇ ಒಪ್ಪಂದಕ್ಕೆ ಬಂದಿದ್ದರಂತೆ. ಗೆಳತಿಯ ಮನೆಯವರು ಮೇಲೆ ಹೋದರೆ ಅವರ ನಾಯಿಗೆ ಊಟ ಹಾಕುವ ಜವಾಬ್ದಾರಿ ಇವಳದು. ಗ್ಯಾರೇಜಿನ ಕೋಡ್ ಕೂಡ ಹೇಳಿಕೊಟ್ಟಿದ್ದಾಳೆ.

ವಿ.ಸೂ.: ಕೂಟದ ಪುಸ್ತಕದ ಪೆಟ್ಟಿಗೆಯಲ್ಲಿ ಮೊದಲ ಸಂಪುಟ ಕಾಣುತ್ತಿಲ್ಲ. ಯಾರ ಮನೆಯಲ್ಲಿ ಉಳಿದಿದೆಯೋ ದಯವಿಟ್ಟು ಮುಂದಿನ ಭಾನುವಾರ ತನ್ನಿ.